ಇಲ್ಲಿ ಉಗುಳಿ

‘ಇಲ್ಲಿ ಉಗುಳಬಾರದು’ ಅಂತ ಕಾಂಪೌಂಡಿಗೆಲ್ಲ ಬರೆಸಿದ್ದ ಶಾಲೆ ಈಗ ಮಕ್ಕಳಿಗೆ ಉಗುಳಿ ಅಂತಿದೆ. ಪಕ್ಕದ ಮನೆ ಹುಡುಗನ ಶಾಲೆಯದು ಈ ಕಥೆ. ಉಗುಳನ್ನು ಟ್ಯೂಬಿನಲ್ಲಿ ಕೊಟ್ಟರೆ ಬೊಜ್ಜಿನ ಜೀನ್ ಇದೆಯೋ ಇಲ್ಲವೋ ಹೇಳ್ತಾರಂತೆ. ಪೋಷಕರಿಗೆ ರಿಯಾಯಿತಿ ಬೇರೆ. ಎಂಥಾ ಕಾಳಜಿ ನೋಡಿ! ಆಟದ ಮೈದಾನದಲ್ಲಿ ಸಾಲಾಗಿ ನಿಂತಿರುವ ಹಳದಿ ಬಸ್ಸುಗಳಿಗೂ ಕಣ್ಣು ಒದ್ದೆಯಾಗಿರಬೇಕು.

ನಮ್ಮಜ್ಜಿಗೆ ಟ್ಯೂಬೂ ಬೇಕಿರಲಿಲ್ಲ. ಮಗು ದಪ್ಪಗಿದ್ದರೆ ಸೊಸೆಯ ತವರಿನ ಕಡೆಯದು, ಬುದ್ಧಿವಂತನಾದರೆ ನಮ್ಮ ಕಡೆಯದು, ಅಷ್ಟೇ. ಅಪ್ಪ-ಅಮ್ಮನ ಗುಣ ಮರಿಗೆ ಹೇಗೆ ಬರುತ್ತೆ ಅಂತ ಹುಡುಕಲು ಪಾಪ ಮೆಂಡಲ್ ಎಂಟು ವರ್ಷ ಬಟಾಣಿ ಎಣಿಸಿದ. ನಮ್ಮೂರಿಗೆ ಬಂದು ಜಗುಲಿ ಮೇಲೆ ಕೂತಿದ್ದರೆ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತಿತ್ತು, ಜೊತೆಗೆ ಕಾಫಿ.

ಜೀನ್ ಸುಳ್ಳು ಅಂತಲ್ಲ. 2007ರಲ್ಲಿ ಬೊಜ್ಜಿಗೆ ನಂಟಿರುವ ಎಫ್‌ಟಿಒ ಅನ್ನೋ ಜೀನ್ ಸಿಕ್ಕಿತು. ಅದರಲ್ಲಿ ಬೊಜ್ಜಿನ ಅಪಾಯ ಹೆಚ್ಚಿಸುವ ರೂಪ ಅಪ್ಪನಿಂದಲೂ ಅಮ್ಮನಿಂದಲೂ ಬಂದವರು, ಒಂದೂ ಬರದವರಿಗಿಂತ ಸರಾಸರಿ 3 ಕೆ.ಜಿ. ಜಾಸ್ತಿ ತೂಗಿದರು, ಅದೂ ಯುರೋಪಿನ ದೊಡ್ಡವರ ಲೆಕ್ಕದಲ್ಲಿ. 2012ರಲ್ಲಿ ಮಕ್ಕಳಲ್ಲೇ ಹುಡುಕಿ ಬೊಜ್ಜಿಗೆ ನಂಟಿರುವ ಇನ್ನೆರಡು ಜಾಗ ಡಿಎನ್‌ಎಯಲ್ಲಿ ಹಿಡಿದರು. ಇಂಥವು ನೂರಾರಿವೆ, ಒಂದೊಂದರದ್ದೂ ಚಿಟಿಕೆಯಷ್ಟು ಕೈವಾಡ. ಎಷ್ಟೋ ಜೀನ್‌ಗಳ ಕೆಲಸ ಹೊಟ್ಟೆಯಲ್ಲಲ್ಲ, ಮೆದುಳಿನಲ್ಲಿ: ಕೆಲವು ಮಕ್ಕಳಿಗೆ ‘ಸಾಕು’ ಅನ್ನೋದು ತಡವಾಗಿ ಕೇಳಿಸುತ್ತೆ. ಹುಡುಗನ ತಪ್ಪಲ್ಲ ಅದು.

ಆದ್ರೆ ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಮೀರಿದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 2.1 ಇದ್ದವರು 2019-21ರ ಹೊತ್ತಿಗೆ ಶೇ 3.4 ಆದರು. ಅಷ್ಟರೊಳಗೆ ದೇಶದ ಜೀನೆಲ್ಲ ಬದಲಾಯಿತಾ? ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಎಣ್ಣೆ, ಸಕ್ಕರೆ, ಉಪ್ಪು ಮಿತಿಮೀರಿದ ತಿಂಡಿ ಮಾರಬಾರದು ಅಂತ 2020ರಲ್ಲೇ ನಿಯಮ ಬಂತು. ಈ ಶಾಲೆ ಎದುರಿನ ಬೇಕರಿಯವನ ಹತ್ರ ಬಹುಶಃ ಟೇಪ್ ಇಲ್ಲ.

ಪಿಟಿ ಪೀರಿಯಡ್ಡನ್ನು ಗಣಿತದವರು ತಿಂದರು. ಮೈದಾನವನ್ನು ಬಸ್ಸು ತಿಂತು. ಕೊನೆಗೆ ಒಂಬತ್ತು ವರ್ಷದ ಹುಡುಗನಿಗೆ ‘ಡುಮ್ಮ’ ಅಂತ ಹೆಸರಿಟ್ಟು, ಕ್ಲಾಸೆಲ್ಲ ನಕ್ಕು, ಈಗ ಅವನ ಉಗುಳಿಗೂ ಬಿಲ್ ಮಾಡ್ತೀರಲ್ಲ, ನಾಚಿಕೆ ಆಗಲ್ವಾ? ರಿಪೋರ್ಟಿನಲ್ಲಿ ಇನ್ನೇನು ಬರೆದಿರುತ್ತೆ, ‘ಚೆನ್ನಾಗಿ ಆಟ ಆಡಿಸಿ’ ಅಂತ ತಾನೇ? ಎಲ್ಲಿ, ಬಸ್ಸಿನ ಅಡಿಯಲ್ಲಾ?

ಅವರಮ್ಮ ದುಡ್ಡು ಕಟ್ಟಿದ್ದಾರೆ. ನಿನ್ನೆ ಸಂಜೆ ಹುಡುಗ ಮೆಟ್ಟಿಲ ಹತ್ರ ಚೆಂಡು ಪುಟಿಸುತ್ತಿದ್ದ. ಕೆಳಗಿನ ಮನೆಯವರು ಬಂದು ಕಿತ್ತುಕೊಂಡು ಹೋದರು.