ಯಾವ ರಿವಾಲ್ವರ್ ಅಂತ ಕೇಳೋ ಮೊದಲು, ಯಾರ ಕೈಗೆ ಅಂತ ಹೇಳಿ

ಅಡಿಕೆ ಕೊಯ್ಲು ಶುರುವಾದ್ರೆ ಸಾಕು, ನಮ್ಮ ಕಡೆಯವರ ಫೋನ್ ಬರತ್ತೆ. "ಅಕ್ಕ, ಮನೆಗೊಂದು ರಿವಾಲ್ವರ್ ತಗೊಳ್ಳಣ ಅಂತಿದೀನಿ. ಯಾವುದು ಒಳ್ಳೇದು?" ಆ ಭಯ ನಂಗೆ ಚೆನ್ನಾಗಿ ಗೊತ್ತು. ಅಂಗಳದಲ್ಲಿ ಅಡಿಕೆ, ಅಟ್ಟದಲ್ಲಿ ಕಾಳುಮೆಣಸು, ಮಕ್ಕಳು ಬೆಂಗಳೂರಲ್ಲಿ. ಪಕ್ಕದ ಮನೆಗೆ ಹೋಗಬೇಕಂದ್ರೆ ಗುಡ್ಡ ಇಳಿದು ಹಳ್ಳ ದಾಟಬೇಕು. ಪೊಲೀಸರಿಗೆ ಹೇಳಣ ಅಂದ್ರೆ ನೆಟ್‌ವರ್ಕ್ ಸಿಗಬೇಕು, ಸಿಕ್ಕಿದ್ರೂ ಜೀಪು ಘಾಟಿ ರಸ್ತೆ ಹತ್ತಿ ಬರಬೇಕು. ಹಾಗಾಗಿ ಬಂದೂಕೇ ಬೇಡ ಅಂತ ಉಪದೇಶ ಮಾಡೋಳು ನಾನಲ್ಲ. ನನ್ನ ಹೆಸರಲ್ಲೇ ಲೈಸೆನ್ಸ್ ಇದೆ.

ನಾನು ತಿರುಗಿ ಕೇಳೋದು ಒಂದೇ: ರಾತ್ರಿ ಮನೇಲಿ ಇರೋರು ಯಾರು?

ಫೋನ್ ಮಾಡೋರು ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಅರ್ಜಿ ಅವರ ಹೆಸರಲ್ಲಿ, ಲೈಸೆನ್ಸ್ ಅವರ ಹೆಸರಲ್ಲಿ. ಮಂಡಿಗೆ, ಮದುವೆಗೆ, ಕೋರ್ಟ್ ಕೆಲಸಕ್ಕೆ ಅಂತ ಊರು ಬಿಡೋರೂ ಅವರೇ. ದೊಡ್ಡ ಮನೇಲಿ ಒಂಟಿಯಾಗಿ ಉಳಿಯೋದು ಹೆಂಡತಿ, ಇಲ್ಲಾ ವಯಸ್ಸಾದ ಅಮ್ಮ. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸ್ ಕೊಡೋದು ವ್ಯಕ್ತಿಗೆ, ಮನೆಗಲ್ಲ. ಲೈಸೆನ್ಸ್‌ನಲ್ಲಿ ಹೆಸರಿಲ್ಲದ ಆಕೆ ಬಂದೂಕನ್ನ ಕೈಗೆತ್ತಿಕೊಂಡ್ರೆ ಕಳ್ಳನ ಕಾಟದ ಮೇಲೆ ಕೇಸಿನ ಕಾಟ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿದೆ. ನಮಗೆ, ಅಂದ್ರೆ ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯವರಿಗೆ, ಅದಿಲ್ಲ. ಆದ್ದರಿಂದ ಮನೆ ಕಾಯೋದಕ್ಕೇ ರಿವಾಲ್ವರ್ ಬೇಕು ಅಂತಾದ್ರೆ, ಮನೇಲಿ ಇರೋ ಹೆಂಗಸಿನ ಹೆಸರಲ್ಲಿ ಅರ್ಜಿ ಹಾಕಿ. ಇದನ್ನ ಹೇಳಿದ ತಕ್ಷಣ ಅರ್ಧ ಜನ ಮಾತು ಬದಲಿಸ್ತಾರೆ. ಅವರಿಗೆ ಬೇಕಾಗಿದ್ದು ಸೊಂಟದ ಮೇಲೊಂದು ಗತ್ತು, ಮನೆಗೆ ಕಾವಲಲ್ಲ. ಸಿಟ್ಟು ಬರತ್ತೆ ನಂಗೆ.

ಇನ್ನು ಉಳಿದರ್ಧ ಜನಕ್ಕೆ ಹೇಳ್ತೀನಿ. ಸಾಮಾನ್ಯ ನಾಗರಿಕರಿಗೆ ಸಿಗೋದು .32 ಬೋರ್ (ಬೋರ್ ಅಂದ್ರೆ ನಳಿಗೆಯ ಒಳಗಿನ ಅಳತೆ) ರಿವಾಲ್ವರ್, ಚಿಕ್ಕದು ಬೇಕಂದ್ರೆ .22. ಸಿನಿಮಾದಲ್ಲಿ ಕಾಣೋ .38, 9 ಎಂಎಂ ಎಲ್ಲ ನಿಷೇಧಿತ ಬೋರ್, ಆಸೆ ಬಿಡಿ. 2014ರ ಜನವರಿಯಲ್ಲಿ ಕಾನ್ಪುರದ ಕಾರ್ಖಾನೆಯಿಂದ ನಿರ್ಭೀಕ್ ಅನ್ನೋ ರಿವಾಲ್ವರ್ ಬಂತು. 2012ರಲ್ಲಿ ಅತ್ಯಾಚಾರಕ್ಕೆ ಬಲಿಯಾದ ದೆಹಲಿಯ ಹೆಣ್ಣುಮಗಳು ನಿರ್ಭಯಾಳ ನೆನಪಿನ ಹೆಸರು, ಅರ್ಧ ಕೆಜಿ ತೂಕ, ಹೆಂಗಸರಿಗೆ ಅಂತಲೇ ಪ್ರಚಾರ. ಬೆಲೆ ಆಗಲೇ 1.22 ಲಕ್ಷ ರೂಪಾಯಿ. ಹೆಂಗಸರಿಗೆ ಹಗುರದ್ದು ಕೊಟ್ರೆ ಆಯ್ತು ಅನ್ನೋ ಆ ಯೋಚನೆಯೇ ನಂಗೆ ಒಪ್ಪಿಗೆಯಿಲ್ಲ. ಹಗುರ ಅನ್ನೋದು ದಿನವಿಡೀ ಪರ್ಸಿನಲ್ಲಿಟ್ಟು ಓಡಾಡೋರಿಗೆ ಲಾಭ. ಮನೇಲಿ ಪೆಟ್ಟಿಗೆಯೊಳಗೆ ಕೂತಿರೋದಕ್ಕೆ ತೂಕ ಇದ್ರೆ ಏನು ತೊಂದರೆ? ಅದೇ ತೋಟಾ (ಕಾರ್ಟ್ರಿಡ್ಜ್), ಅದೇ ಮದ್ದು. ಹಗುರವಾದಷ್ಟೂ ಕೈಗೆ ಒದೆಯೋದು ಜಾಸ್ತಿ, ಮೂತಿ ಮೇಲೆದ್ದು ಎರಡನೇ ಗುಂಡಿನ ಗುರಿ ತಪ್ಪತ್ತೆ. ಕಾನ್ಪುರದ್ದೇ ಪ್ರಬಲ್ 2023ರಲ್ಲಿ ಬಂತು, ಸುಮಾರು 700 ಗ್ರಾಂ. ಅದರ 50 ಮೀಟರ್ ರೇಂಜಿನ ಬಗ್ಗೆ ಎಲ್ರೂ ಮಾತಾಡಿದ್ರು. ನಮ್ಮ ಜಗಲಿಯಿಂದ ನಡುಮನೆಗೆ ಎಷ್ಟು ಮೀಟರ್ ರೀ? ನಂಗೆ ಅದರಲ್ಲಿ ಹಿಡಿಸಿದ್ದು ತೂಕ, ಮತ್ತೆ ಗುಂಡು ತುಂಬೋ ಉರುಳೆ ಪಕ್ಕಕ್ಕೆ ತೆರೆದುಕೊಳ್ಳೋದು. ತೋಟಾ ಇದೆಯೋ ಇಲ್ಲವೋ ಅಂತ ಒಂದೇ ನೋಟಕ್ಕೆ ಗೊತ್ತಾಗತ್ತೆ.

ಬೋರಿಗಿಂತ, ಕಂಪನಿಗಿಂತ ಮುಖ್ಯವಾದದ್ದು ಟ್ರಿಗರ್. ನನ್ನ ಅತ್ತಿಗೆಯನ್ನ ಕರ್ಕೊಂಡು ಬಂದೂಕಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಖಾಲಿ ಮಾಡಿ, ಉರುಳೆ ತೋರಿಸಿ, ಕೈಗೆ ಕೊಟ್ರು. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳು ಅವರದು, ಗಿಣ್ಣು ಊದಿಕೊಂಡಿದೆ. ನೇರವಾಗಿ ಟ್ರಿಗರ್ ಎಳೆಯೋಕೆ ಹೋದ್ರು: ಬೆರಳು ಬಿಳಿಚಿಕೊಳ್ತು, ಮಣಿಕಟ್ಟು ನಡುಗ್ತು, ಮೂತಿ ಎಡಕ್ಕೆ ವಾಲಿ ಗೋಡೆ ಕ್ಯಾಲೆಂಡರಿನಿಂದ ಕಿಟಕಿಗೆ ಹೋಯ್ತು. ಅಂಗಡಿಯವರು, "ಹೆಬ್ಬೆರಳಲ್ಲಿ ಹ್ಯಾಮರ್ ಹಿಂದಕ್ಕೆ ಎಳ್ಕೊಳ್ಳಿ, ಆಮೇಲೆ ಸಲೀಸು ಅಮ್ಮ" ಅಂದ್ರು. ನಿಜ, ಹಿಂಬದಿಯ ಆ ಕೊಕ್ಕೆ (ಹ್ಯಾಮರ್) ಎಳ್ಕೊಂಡ ಮೇಲೆ ಟ್ರಿಗರ್ ಮುಟ್ಟಿದ್ರೆ ಸಾಕು. ನಂಗೆ ಎದೆ ಝಲ್ ಅಂದಿದ್ದು ಅಲ್ಲೇ. ಕತ್ತಲಲ್ಲಿ, ನಡುಗೋ ಕೈಯಲ್ಲಿ, ಮುಟ್ಟಿದ್ರೆ ಹಾರೋ ಗುಂಡು. ಎದುರಿಗೆ ಬಂದವನು ಕಳ್ಳನೋ, ಬಸ್ ತಪ್ಪಿ ಅವೇಳೆಯಲ್ಲಿ ಬಂದ ಮಗನೋ? ಎರಡೂ ಕೈ ಸೇರಿಸಿ, ಹ್ಯಾಮರ್ ಮುಟ್ಟದೆ, ಮೂತಿ ಅಲುಗದ ಹಾಗೆ ಟ್ರಿಗರ್ ಪೂರ್ತಿ ಎಳೆಯೋಕೆ ಆಗದಿದ್ರೆ ಆ ರಿವಾಲ್ವರ್ ಅವರಿಗಲ್ಲ. ಅತ್ತಿಗೆ ಅವತ್ತು ತಗೊಳ್ಳಲಿಲ್ಲ.

ನಮ್ಮ ಹಳೇ ಮನೆಗಳ ಒಳಗೋಡೆ ನೋಡಿದೀರಲ್ಲ? ಎಷ್ಟೋ ಕಡೆ ಬರೀ ಹಲಗೆ. ತಪ್ಪಿದ ಗುಂಡು ಹಲಗೆಗೆ ನಿಲ್ಲಲ್ಲ. ಅದರಾಚೆ ಅಜ್ಜಿ ಮಲಗಿರ್ತಾರೆ. ಯಾವ ಮೂಲೆಯಲ್ಲಿ ನಿಂತ್ರೆ ಯಾವ ಕೋಣೆ ಗುರಿಯ ಹಿಂದೆ ಬರತ್ತೆ ಅಂತ ಹಗಲು ಹೊತ್ತಲ್ಲೇ ಓಡಾಡಿ ನೋಡಿಕೊಳ್ಳಿ. ಹಾಗೇ ಅಂಗಳಕ್ಕೊಂದು ಜೋರು ಲೈಟು, ಹಿಂಬಾಗಿಲಿಗೆ ಗಟ್ಟಿ ಅಗಳಿ, ಬೊಗಳೋ ನಾಯಿ. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರೋ ಜೋಡುನಳಿಗೆ ಕೋವಿ ಮನೇಲಿದ್ದು, ಅದರ ಲೈಸೆನ್ಸ್ ಇರೋರೇ ರಾತ್ರಿ ಮನೇಲಿ ಇರೋರಾದ್ರೆ, ರಿವಾಲ್ವರಿಗೆ ದುಡ್ಡು ಸುರಿಯೋದೇ ಬೇಡ. ಭುಜಕ್ಕೆ ಊರಿ ಎರಡು ಕೈಯಲ್ಲಿ ಹಿಡಿಯೋ ಕೋವಿ ಹೊಸಬರ ಕೈಯಲ್ಲೂ ರಿವಾಲ್ವರಿಗಿಂತ ಸ್ಥಿರ.

ಕಾನೂನಿನ ಮಾತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ನುಗ್ಗೋದು, ಇಂಥದ್ದಕ್ಕೆ ಹಕ್ಕಿನ ವ್ಯಾಪ್ತಿ ದೊಡ್ಡದು. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಅಂತ 37ನೇ ಕಲಂ ಹೇಳತ್ತೆ. ಅಡಿಕೆ ಚೀಲ ಹೊತ್ತು ಬೇಲಿ ಹಾರಿ ಓಡ್ತಿರೋನ ಬೆನ್ನಿಗೆ ಈಡು ಹೊಡೆದ್ರೆ ಅದು ರಕ್ಷಣೆ ಆಗಲ್ಲ. ಚೀಲಕ್ಕೆ ಎಷ್ಟೇ ರೇಟಿರಲಿ, ಹೋಗಲಿ ಬಿಡಿ.

ರಿವಾಲ್ವರ್ ದಿಂಬಿನ ಕೆಳಗೆ ಇಡ್ತೀನಿ ಅನ್ನೋರಿಗೆ ನಾನು ಮಾಹಿತಿಯನ್ನೇ ಕೊಡಲ್ಲ. ರಜೆಗೆ ಮೊಮ್ಮಕ್ಕಳು ಬರೋ ಮನೆ ಅದು. ಗೋಡೆಗೆ ಬೋಲ್ಟ್ ಹಾಕಿದ ಚಿಕ್ಕ ಕಬ್ಬಿಣದ ಪೆಟ್ಟಿಗೆ, ಬೀಗದ ಗುಟ್ಟು ಲೈಸೆನ್ಸ್ ಇರೋರಿಗೆ ಮಾತ್ರ. ಚುನಾವಣೆ ಬಂದಾಗ ಠಾಣೆಗೆ ಡೆಪಾಸಿಟ್ ಮಾಡಿ ಅನ್ನೋ ನೋಟಿಸೂ ಬರಬಹುದು, ಆಗ ಉಳಿಯೋದು ಅಗಳಿ, ಲೈಟು, ನಾಯಿ ಮಾತ್ರ.

2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಹೊಸ ಲೈಸೆನ್ಸಿಗೆ ತರಬೇತಿ ಪ್ರಮಾಣಪತ್ರ ಬೇಕು. ಅದನ್ನ ಕಾಗದದ ಶಾಸ್ತ್ರ ಅಂತ ಮುಗಿಸಬೇಡಿ. ಮನೆಯವರನ್ನ ಗುಂಡು ಹಾರಿಸಿ ಅಭ್ಯಾಸ ಮಾಡೋ ರೇಂಜಿಗೆ ಕರ್ಕೊಂಡು ಹೋಗಿ, ವರ್ಷ ವರ್ಷ ಹೋಗಿ, ತೋಟಾ ದುಬಾರಿ ಅಂತ ಲೆಕ್ಕ ಹಾಕಬೇಡಿ. ತೋಟಾಕ್ಕೆ ದುಡ್ಡಿಲ್ಲ ಅನ್ನೋರು ರಿವಾಲ್ವರಿಗೂ ದುಡ್ಡು ಹಾಕಬಾರದು. ಈ ಸಲ ಫೋನ್ ಮಾಡೋರು ದಯವಿಟ್ಟು ಮನೆಯಾಕೆ ಕೈಗೆ ಫೋನ್ ಕೊಡಿ, ನಾನು ಅವರ ಹತ್ರಾನೇ ಮಾತಾಡ್ತೀನಿ.