ನೂರು ವ್ಯಾಟಿನ ಕತ್ತಲೆ

ಕಾರಿನ ಹುಚ್ಚಿರುವವರ ಜೊತೆ ಕಾಫಿ ಕುಡಿಯುವಾಗ ಸ್ವಲ್ಪ ಲೆಕ್ಕ ಇಟ್ಟುಕೊಳ್ಳಬೇಕು. ಮೊದಲ ಬೈಟೂ ಬಂದಾಗ ಗಂಟೆಗೆ 80 ಕಿಲೋಮೀಟರ್ ಓಡುತ್ತಿದ್ದ ಕಾರು ಎರಡನೇ ಬೈಟೂ ಹೊತ್ತಿಗೆ 100 ದಾಟಿರುತ್ತದೆ. ಮೂರನೆಯದು ತರಿಸಿದರೆ ವಿಮಾನವೇ.

ಬಸವನಗುಡಿಯ ಒಂದು ದರ್ಶಿನಿ ಮುಂದೆ ಭಾನುವಾರ ಬೆಳಗ್ಗೆ ಏಳಕ್ಕೆ ಸೇರುವ ನಾವು ನಾಲ್ಕು ಜನ. ರಾಯರ ಹತ್ತಿರ ಪ್ರೀಮಿಯರ್ ಪದ್ಮಿನಿ. ಗಣಿತದ ಮೇಷ್ಟ್ರ ಹತ್ತಿರ ಮಾರುತಿ ಜೆನ್. ಸಾಫ್ಟ್‌ವೇರ್ ಹುಡುಗನೊಬ್ಬ ಇದ್ದಾನೆ, ಅವನ ಕಾರು ಹೊಸದು, ಕೆಡುವುದಿಲ್ಲ, ಆದ್ದರಿಂದ ಅವನ ಹತ್ತಿರ ಹೇಳಿಕೊಳ್ಳೋಕೆ ಕತೆಯೂ ಇಲ್ಲ. ನನ್ನದು 2001ರ ಮಾಡೆಲ್ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ, 37 ಕುದುರೆ. ಅದರಲ್ಲಿ ಏಳೆಂಟು ಕುದುರೆ ಈಗಾಗಲೇ ರಿಟೈರ್ ಆಗಿವೆ ಅಂತ ನನ್ನ ಅಂದಾಜು.

ನಮ್ಮಲ್ಲಿ ಮರ್ಯಾದೆ ಅಳೆಯುವುದು ಕಾರಿನ ಬೆಲೆಯಿಂದಲ್ಲ, ಓಡುವಾಗ ಏನು ಕಿತ್ತುಹೋಯಿತು ಅನ್ನುವುದರಿಂದ. ಪದ್ಮಿನಿಯ ಗೇರು ಸ್ಟೇರಿಂಗ್ ಪಕ್ಕದಲ್ಲೇ ಇರುತ್ತದಲ್ಲ, ಒಂದು ಸಲ ನೆಲಮಂಗಲ ದಾಟಿದ ಮೇಲೆ ಆ ಕಡ್ಡಿ ರಾಯರ ಕೈಗೇ ಬಂತಂತೆ. ತುಮಕೂರಿನ ತನಕ ಮೂರನೇ ಗೇರಿನಲ್ಲೇ ಹೋದರಂತೆ, ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು. ಮೇಷ್ಟ್ರಿಗೆ ಹಾಸನದ ದಾರಿಯಲ್ಲಿ ಎಕ್ಸಲೇಟರ್ ಕೇಬಲ್ ತುಂಡಾಗಿತ್ತು. ಎಂಜಿನ್ನಿಗೆ ಒಂದು ದಾರ ಕಟ್ಟಿ, ಕಿಟಕಿಯಿಂದ ಒಳಗೆ ತಂದು, ಹೆಂಡತಿ ಕೈಗೆ ಕೊಟ್ಟರು. "ಬ್ರೇಕು ನಂದು, ಎಕ್ಸಲೇಟರ್ ಅವಳದು. ಹಾಗೇ ಹಾಸನ ಸೇರಿದ್ವಿ," ಅನ್ನುತ್ತಾರೆ ಮೇಷ್ಟ್ರು. ಎಷ್ಟು ಸ್ಪೀಡಲ್ಲಿ ಸಾರ್ ಅಂದರೆ, "ಅದನ್ನ ಅವಳನ್ನೇ ಕೇಳಬೇಕು."

ಇವರ ಮುಂದೆ ನನ್ನದು ಸಪ್ಪೆ ಬಾಳು. ಹನ್ನೊಂದು ವರ್ಷದಲ್ಲಿ ನಾಲ್ಕು ಪಂಕ್ಚರ್, ಒಂದು ಬ್ಯಾಟರಿ. ಹೇಳಿಕೊಳ್ಳೋಕೆ ಇದ್ದದ್ದು ಒಂದೇ ದೂರು: ಹೆಡ್‌ಲೈಟ್ ಮಂಕು. ರಾತ್ರಿ ಹೊತ್ತು ಲೈಟ್ ಹಾಕಿದರೆ, ಹಾಕಿದ್ದೀನಾ ಅಂತ ಇಳಿದು ನೋಡಬೇಕು.

"ಎಲ್‌ಇಡಿ ಹಾಕ್ಸಿ ಅಂಕಲ್, ಹಗಲಾಗುತ್ತೆ," ಅಂದ ಹುಡುಗ.

"ಎದುರಿಗೆ ಬರೋನಿಗೆ ಮಧ್ಯಾಹ್ನ ಆಗುತ್ತೆ," ಅಂದರು ಮೇಷ್ಟ್ರು.

ಅವರು ಹೇಳಿದ್ದು ಸರಿಯೇ. ನಮ್ಮ ಹಳೇ ಕಾರುಗಳಲ್ಲಿರುವುದು ಎಚ್4 ಬಲ್ಬು, 60/55 ವ್ಯಾಟ್, ಅಂದರೆ ಹೈ ಬೀಮಿಗೆ 60, ಡಿಪ್ಪಿಗೆ 55. ಒಂದೇ ಗಾಜಿನೊಳಗೆ ಎರಡು ಫಿಲಮೆಂಟು. ಡಿಪ್ಪಿನ ಫಿಲಮೆಂಟಿನ ಕೆಳಗೆ ಉಗುರಿನಷ್ಟು ಸಣ್ಣ ಲೋಹದ ಬಟ್ಟಲು ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಕೆಳಗಿನ ಅರ್ಧಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಮೇಲಿನ ಅರ್ಧಕ್ಕೆ ಬಿದ್ದದ್ದು ರಸ್ತೆಗೆ ಇಳಿಯುತ್ತದೆ. ಆ ಪುಟ್ಟ ಬಟ್ಟಲಿನಿಂದಾಗಿ ಎದುರಿನವನ ಕಣ್ಣು ಬದುಕಿದೆ. ಅಲ್ಲಿಗೆ ಯಾವುದೋ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬದಲಾಗಿ ಎಲ್ಲಾ ಕಡೆ ಚೆಲ್ಲಾಡುತ್ತದೆ, ಮರದ ಮೇಲಿನ ಕಾಗೆಗೂ ನಿದ್ದೆ ಕೆಡುತ್ತದೆ. ಎದುರಿನವನ ಕಣ್ಣು ಕುಕ್ಕದಿರಲಿ ಅಂತಲೇ ಹಿಂದೆ ಲಾರಿ, ಬಸ್ಸುಗಳ ಹೆಡ್‌ಲೈಟಿಗೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ನೆನಪಿದೆಯಾ? ಚಿಕ್ಕವನಿದ್ದಾಗ ಅದು ದೃಷ್ಟಿಬೊಟ್ಟು ಅಂದುಕೊಂಡಿದ್ದೆ.

"ಸುಮ್ನೆ 100/90 ಬಲ್ಬ್ ಹಾಕ್ಸಿ ಸ್ವಾಮಿ," ಅಂತ ರಾಯರು ತೀರ್ಪು ಕೊಟ್ಟರು.

ಬಲ್ಬು ತರೋಕೆ ಜೆ.ಸಿ. ರಸ್ತೆಗೆ ಹೋದೆ. ಕಾರಿನ ಸ್ಪೇರ್ ಪಾರ್ಟ್ಸು ಅಂದರೆ ಬೆಂಗಳೂರಿನವರ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ಹಿಂದಿನ ಗಲ್ಲಿಯ ಎಲೆಕ್ಟ್ರಿಷಿಯನ್ ಭಾಯ್ ನನ್ನ ಮಾತು ಪೂರ್ತಿ ಕೇಳಲಿಲ್ಲ. ಲೈಟ್ ಹಾಕಿಸಿ, ಮೀಟರ್ ತಂದು ಬ್ಯಾಟರಿಗೆ ಹಿಡಿದ. 12.4 ವೋಲ್ಟು. ಬಲ್ಬಿನ ಹಿಂದೆ ಹಿಡಿದ. 10.9.

"ಬಲ್ಬ್‌ದು ತಪ್ಪಿಲ್ಲ ಸಾರ್. ಪಾಪ, ಅದಕ್ಕೆ ಊಟ ಸಿಗ್ತಿಲ್ಲ."

ವಿಷಯ ಇಷ್ಟೇ. ಕರೆಂಟು ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡ್ ಒಳಗೆ ಬಂದು, ಸ್ಟೇರಿಂಗ್ ಪಕ್ಕದ ಸ್ವಿಚ್ಚಿಗೆ ಕೈಮುಗಿದು, ಮತ್ತೆ ಮುಂದಕ್ಕೆ ಹೋಗಬೇಕು. ಸರ್ಕಾರಿ ದುಡ್ಡಿನ ಹಾಗೆ ಪ್ರತಿ ಮೇಜಿನಲ್ಲೂ ಒಂಚೂರು ಸೋರುತ್ತದೆ. ವೋಲ್ಟು ಶೇಕಡ 10 ಕಡಿಮೆಯಾದರೆ ಹ್ಯಾಲೊಜೆನ್ ಬೆಳಕು ಹತ್ತಿರ ಹತ್ತಿರ ಶೇಕಡ 30 ಕಡಿಮೆಯಾಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ, ಕರೆಂಟು ಬ್ಯಾಟರಿಯಿಂದ ನೇರ ಬಲ್ಬಿಗೆ ಹೋಗುತ್ತದೆ. ಭಾಯ್ ಎರಡು ರಿಲೇ ಕೂರಿಸಿದ. ಅವುಗಳ ಕಾಲಿನ ಮೇಲೆ 30, 85, 86, 87 ಅಂತ ಬರೆದಿರುವುದನ್ನು ತೋರಿಸಿದ. ದಪ್ಪ ವಯರು ಎಳೆದ. ಒಂದು 15 ಆಂಪಿಯರ್ ಫ್ಯೂಸು ಹಾಕಿದ. ಹಳೇ 60/55 ಬಲ್ಬೇ ಇರಲಿ, ಜಾಸ್ತಿ ಆಸೆ ಬೇಡ ಅಂದ.

ನಿಜಕ್ಕೂ ಬೆಳಕು ಬಂತು. ಕತೆ ಇಲ್ಲಿಗೆ ಮುಗಿಯಬೇಕಿತ್ತು.

ಆದರೆ ಭಾನುವಾರ ಬಂತಲ್ಲ. ನಾನು ಬಾನೆಟ್ ಎತ್ತಿ ರಿಲೇ ತೋರಿಸಿದೆ. ಪಕ್ಕದ ಮೇಜಿನವರಿಗೂ ತೋರಿಸಿದೆ. ಹಾಲಿನ ಹುಡುಗ ನೋಡಿದ. ಮನೆ ಕೆಳಗಿನ ಬಾಡಿಗೆಯವರೂ ನೋಡಿದರು. ಮನೆ ಕಟ್ಟಿಸಿದವನು ದೇವರಕೋಣೆ ತೋರಿಸುವ ಹಾಗೆ, ಬಂದವರಿಗೆಲ್ಲ ಬಾನೆಟ್ ಎತ್ತುತ್ತಿದ್ದೆ. ರಾಯರು ಮಾತ್ರ ಒಳಗೆ ಬಗ್ಗಿ ನೋಡಿ, "ಇಷ್ಟೆಲ್ಲ ವಯರು ಎಳೆಸಿ 60/55 ಹಾಕ್ಕೊಂಡಿದ್ದೀರಲ್ಲ! ಹಂಡೆ ತುಂಬ ಹಾಲಿಟ್ಟು ಒಳಲೆಯಲ್ಲಿ ಕುಡಿದ ಹಾಗಾಯ್ತು," ಅಂದರು. ಮೇಷ್ಟ್ರು ಟಿಶ್ಯೂ ಪೇಪರಿನ ಮೇಲೆ ಲೆಕ್ಕ ಹಾಕಿದರು. 100/90 ಹಾಕಿದರೆ ಹೈ ಬೀಮಿಗೆ ಎರಡು ಬಲ್ಬು ಸೇರಿ 200 ವ್ಯಾಟ್, 12 ವೋಲ್ಟು, ಹದಿನಾರು ಚಿಲ್ಲರೆ ಆಂಪಿಯರ್. "ಫ್ಯೂಸ್ ಎಷ್ಟರದು?" ಅಂದರು. "ಹಾಕಿದಾನೆ ಸಾರ್," ಅಂದೆ. ಎಷ್ಟರದು ಅಂತ ಕೇಳಿದ್ದು, ಹಾಕಿದಾನೆ ಅಂತ ಹೇಳಿದ್ದು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮರುದಿನವೇ 100/90 ತಂದೆ. ರಸ್ತೆಗಲ್ಲ, ಆಫ್ ರೋಡಿಗೆ ಮಾತ್ರ ಅಂತ ಡಬ್ಬಿ ಮೇಲೆ ಬರೆದಿತ್ತು. ನಮ್ಮ ಬೀದಿಯ ಗುಂಡಿಗಳನ್ನು ನೆನೆದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಭಾಯ್ ಬೈಯುತ್ತಾನೆ ಅಂತ ನಾನೇ ಹಾಕಲು ಕೂತೆ. ಹ್ಯಾಲೊಜೆನ್ ಗಾಜನ್ನು ಬೆರಳಲ್ಲಿ ಮುಟ್ಟಬಾರದು, ಕೈಯ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬು ಹಾಳಾಗುತ್ತದೆ. ಹಾಗಾಗಿ ಹೊಸ ಕರ್ಚೀಫಿನಲ್ಲಿ ಕೂಸಿನ ಹಾಗೆ ಹಿಡಿದು ಕೂರಿಸಿದೆ. ಭಾಯ್ ಎಳೆದ ವಯರಿನ ಕಟ್ಟು ಕೈಗೆ ಅಡ್ಡ ಬರುತ್ತಿತ್ತು. ಅದನ್ನು ಸ್ವಲ್ಪ ಮೇಲಕ್ಕೆ ಎತ್ತಿ, ರೇಡಿಯೇಟರ್ ಮುಂದಿನ ಪಟ್ಟಿಗೆ ಪ್ಲಾಸ್ಟಿಕ್ ಟ್ಯಾಗಿನಲ್ಲಿ ಬಿಗಿದೆ. ನೀಟಾಗಿ ಕಂಡಿತು. ಫೋಟೋ ಕೂಡ ತೆಗೆದೆ.

ಆ ಫೋಟೋ ಈಗಲೂ ಇದೆ. ದೊಡ್ಡದು ಮಾಡಿ ನೋಡಿದರೆ ಎಲ್ಲಾ ಕಾಣುತ್ತದೆ. ಬಾನೆಟ್ ಲಾಕು ಸರಿಯಾಗಿ ಕೂರದಿದ್ದರೂ ಹಾರಿಹೋಗದಂತೆ ಹಿಡಿಯಲು ಒಂದು ಕೊಕ್ಕೆ ಇರುತ್ತದಲ್ಲ, ನಾವು ಬೆರಳು ತೂರಿಸಿ ಎತ್ತುತ್ತೇವಲ್ಲ, ಅದೇ. ನನ್ನ ನೀಟಾದ ವಯರಿನ ಕಟ್ಟು ಕೂತಿರುವುದು ಸರಿಯಾಗಿ ಆ ಕೊಕ್ಕೆಯ ಬಾಯಲ್ಲಿ.

ದೀಪಾವಳಿಗೆ ಊರಿಗೆ ಹೊರಟೆವು. ಊರು ಸಾಗರದ ಹತ್ತಿರ. ನಮ್ಮ ಕಡೆ ದೀಪಾವಳಿ ಅಂದರೆ ದೊಡ್ಡಹಬ್ಬ, ಹೋಗದೇ ಇರುವ ಹಾಗಿಲ್ಲ. ಹೊರಡುವಾಗ ಗೇಟಿನಲ್ಲಿ ಸೆಕ್ಯೂರಿಟಿಯವನು, "ಸಾರ್, ಏನೋ ಹೊಸ ಲೈಟು ಅಂತೆ?" ಅಂದ. ಎತ್ತಿ ತೋರಿಸಿದೆ. ಹಿಂದೆ ಆಟೋದವನು ಹಾರನ್ ಹೊಡೆದ. ಅವಸರದಲ್ಲಿ ಬಾನೆಟ್ ಇಳಿಸಿ ಹೊರಟೆ. ಟಪ್ ಅಂತ ಶಬ್ದ ಬಂತಾ? ಬಂತು ಅಂತಲೇ ಅಂದುಕೊಂಡೆ.

ನೆಲಮಂಗಲ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ದಾಬಸ್‌ಪೇಟೆ ಹತ್ತಿರ ಎಡಗಡೆ ಶಿವಗಂಗೆ ಬೆಟ್ಟ. ಹೆಂಡತಿ ನಿದ್ದೆಯಲ್ಲಿದ್ದಳು. ಸ್ಪೀಡು 85. (ದರ್ಶಿನಿಯಲ್ಲಿ 110. ಇಲ್ಲಿ ಬರೆಯುತ್ತಿರುವುದರಿಂದ 85.) ಬಾನೆಟ್ಟಿನ ತುದಿ ಎರಡು ಸಲ ಸಣ್ಣಗೆ ನಡುಗಿತು. ಗಾಳಿ ಇರಬೇಕು ಅಂದುಕೊಂಡೆ. ಗಾಳಿಯೇ. ಅದರ ಒತ್ತಡ ಸ್ಪೀಡಿನ ಲೆಕ್ಕದಲ್ಲಿ ಏರುವುದಿಲ್ಲ, ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಸ್ಪೀಡು ಎರಡರಷ್ಟಾದರೆ ಗಾಳಿ ನಾಲ್ಕರಷ್ಟು. ಮೇಷ್ಟ್ರು ಆಮೇಲೆ ಇದನ್ನೂ ಟಿಶ್ಯೂ ಪೇಪರಿನ ಮೇಲೆ ತೋರಿಸಿದರು.

ಧಡಾರ್!

ಮುಂದೆ ರಸ್ತೆಯೇ ಇಲ್ಲ. ಗಾಜಿನ ತುಂಬ ನನ್ನದೇ ಬಾನೆಟ್ಟಿನ ಹೊಟ್ಟೆ. ಹನ್ನೊಂದು ವರ್ಷದ ಧೂಳು, ಗ್ರೀಸು, ಒಂದು ಒಣಗಿದ ಎಲೆ. ಎಲೆ ಯಾವ ಮರದ್ದು ಅಂತ ಕೂಡ ನೋಡಿದೆ ನಾನು. ಹೊಂಗೆ.

ಹೆಂಡತಿಗೆ ಎಚ್ಚರವಾಯಿತು. "ರೀ, ಇಷ್ಟು ಬೇಗ ಕತ್ತಲಾಯ್ತಾ?"

ಗಂಟೆ ಬೆಳಗ್ಗೆ ಒಂಬತ್ತೂವರೆ.

ಬಾನೆಟ್ಟಿನ ಬುಡದಲ್ಲಿ, ಕೀಲಿನ ಹತ್ತಿರ, ಎರಡು ಬೆರಳು ಅಗಲದ ಸಂದಿ ಇತ್ತು. ಸೀಟಿನಲ್ಲಿ ಕುಸಿದು ಅದರೊಳಗೆ ಇಣುಕಿದರೆ ರಸ್ತೆಯ ಬಿಳಿ ಗೆರೆಯ ಒಂದು ಚೂರು ಕಂಡಿತು. ಗಕ್ಕನೆ ಬ್ರೇಕ್ ಒತ್ತಿದರೆ ಹಿಂದಿನವನು ಡಿಕ್ಕಿಯೊಳಗೇ ಬಂದು ಕೂರುತ್ತಾನೆ. ಕಾಲು ಮೆಲ್ಲಗೆ ಎತ್ತಿದೆ, ಇಂಡಿಕೇಟರ್ ಹಾಕಿದೆ. ಅವಳು ಕಿಟಕಿಯಿಂದ ತಲೆ ಹಾಕಿ ಕಂಡಕ್ಟರ್ ಆದಳು. "ಎಡಕ್ಕೆ... ಎಡಕ್ಕೆ... ಸಾಕು, ಚರಂಡಿ ಇದೆ!" ನಿಂತೆವು. ಎಂಜಿನ್ ಮಾತ್ರ ಏನೂ ಆಗದವರ ಹಾಗೆ ಗುರುಗುಡುತ್ತಿತ್ತು.

ಗಾಜಿನ ಮೇಲೆ ಜೇಡರ ಬಲೆ, ಪುಣ್ಯಕ್ಕೆ ಎಡಗಡೆ ಮಾತ್ರ. ಬಾನೆಟ್ಟಿನ ನಡು ಮುರಿದಿತ್ತು. ಹಿಂದೆ ತೆಂಗಿನಕಾಯಿ ಲಾರಿ ನಿಂತಿತು. ಕ್ಲೀನರ್ ಹುಡುಗ ಇಳಿದು ಬಂದ, ಬಾನೆಟ್ಟಿನ ಮೇಲೆ ಮೊಣಕಾಲೂರಿ ಅದನ್ನು ಕೆಳಕ್ಕೆ ಬಗ್ಗಿಸಿದ. ಆಮೇಲೆ ಲಾರಿಯಿಂದ ನಾರಿನ ಹಗ್ಗ ತಂದು, ಗ್ರಿಲ್ಲಿನೊಳಗೆ ತೂರಿಸಿ, ಬಂಪರಿನ ಕೆಳಗೆ ಎಳೆದು, ಕಾಲು ಕೊಟ್ಟು ಬಿಗಿದ. ಒಂದರ ಮೇಲೊಂದು ಗಂಟು. ದುಡ್ಡು ಬೇಡ ಅಂದ. "ಲಾರಿ ಗಂಟು ಸಾರ್. ಇದನ್ನ ಬಿಚ್ಚೋಕೆ ಇನ್ನ ನಾನೇ ಬರ್ಬೇಕು," ಅಂತ ಹೆಮ್ಮೆಯಿಂದ ಹೇಳಿ ಹೋದ.

ತುಮಕೂರಿನಲ್ಲಿ ಟಿಂಕರಿಂಗ್‌ನವರು ಹಬ್ಬ ಮುಗಿಸಿಕೊಂಡು ಬನ್ನಿ ಅಂದರು. ಐವತ್ತು ದಾಟದ ಹಾಗೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು ಅಂತ ಹೊರಟೆವು. ಪ್ರತಿ ಊರಿನಲ್ಲೂ ಒಬ್ಬರಾದರೂ ಹಗ್ಗ ನೋಡಿ ನಕ್ಕರು. ಶಿವಮೊಗ್ಗ ಬಿಡುವಾಗ ಕತ್ತಲು. ಅಮಾವಾಸ್ಯೆಗೆ ಇನ್ನೆರಡು ದಿನ, ಆಕಾಶದಲ್ಲಿ ಏನೂ ಇಲ್ಲ. ಬೆಳಗ್ಗೆಯಿಂದ ಆದ ಅವಮಾನಕ್ಕೆಲ್ಲ ಈಗ ಉತ್ತರ ಕೊಡುತ್ತೇನೆ ಅಂತ ಹೈ ಬೀಮ್ ಹಾಕಿದೆ.

ಅಬ್ಬಾ! ರಸ್ತೆ, ಮರ, ಮರದಾಚೆಯ ಬೇಲಿ, ಬೇಲಿಯಾಚೆಯ ದನ. "ನೋಡಿದ್ಯಾ?" ಅಂದೆ. ಅವಳು ಬೆಳಗ್ಗೆಯಿಂದ ಮೊದಲ ಸಲ ತಲೆಯಾಡಿಸಿದಳು. ಆ ತಲೆ ಇನ್ನೂ ಆಡುತ್ತಿರುವಾಗಲೇ ಎಲ್ಲಾ ಆರಿಹೋಯಿತು. ಹೈ ಇಲ್ಲ, ಡಿಪ್ ಇಲ್ಲ. 15 ಆಂಪಿಯರ್ ಫ್ಯೂಸು ತನ್ನ ಕರ್ತವ್ಯ ಮಾಡಿತ್ತು.

"ರೀ, ಇಲ್ಲೇ ಅಲ್ವಾ ತ್ಯಾವರೆಕೊಪ್ಪದ ಸಿಂಹಧಾಮ?"

ಇಲ್ಲೇ. ಆಗ ತಾನೇ ದಾಟಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಸ್ಪೇರ್ ಫ್ಯೂಸು ಇತ್ತು. ಅದನ್ನು ಹಾಕುವ ಜಾಗ ಬಾನೆಟ್ಟಿನೊಳಗೆ ಇತ್ತು. ಬಾನೆಟ್ಟಿನ ಮೇಲೆ ಲಾರಿ ಗಂಟು ಇತ್ತು. ಹಗ್ಗ ಕತ್ತರಿಸಿದರೆ ಬಾನೆಟ್ ನಿಲ್ಲುವುದಿಲ್ಲ, ಕತ್ತರಿಸದಿದ್ದರೆ ಫ್ಯೂಸು ಸಿಗುವುದಿಲ್ಲ. ಮಿಣಮಿಣ ಅನ್ನುವ ಪಾರ್ಕಿಂಗ್ ಲೈಟಿನಲ್ಲಿ ಪಕ್ಕಕ್ಕೆ ನಿಂತು ಯೋಚಿಸುತ್ತಿದ್ದಾಗ ಸಾಗರದ ಕಡೆಯ ಬಸ್ಸೊಂದು ಹೋಯಿತು. ಅದರ ಬೆನ್ನು ಹಿಡಿದೆ.

ಬಸ್ಸಿನ ಹಿಂದಿನ ಎರಡು ಕೆಂಪು ದೀಪದಲ್ಲಿ ಉರಿಯುತ್ತಿದ್ದದ್ದು ಒಂದೇ. ಆ ಒಂದು ದೀಪವನ್ನು ನಾನು ಯಾವ ದೇವರನ್ನೂ ನೋಡದಷ್ಟು ಭಕ್ತಿಯಿಂದ ನೋಡಿದೆ. ಅದು ಆಯನೂರಿನಲ್ಲಿ ನಿಂತಿತು, ನಾನೂ ನಿಂತೆ. ಕುಂಸಿಯಲ್ಲಿ ನಿಂತಿತು, ನಿಂತೆ. ಚೋರಡಿಯಲ್ಲಿ ಒಬ್ಬರು ಬಾಳೆಗೊನೆ ಇಳಿಸಿಕೊಳ್ಳುವ ತನಕ ಕಾದೆ. ಆನಂದಪುರದಲ್ಲಿ ಕಂಡಕ್ಟರ್ ಇಳಿದು ನೇರ ನನ್ನ ಕಿಟಕಿಗೇ ಬಂದ. ಹಗ್ಗ ನೋಡಿದ, ಗಾಜು ನೋಡಿದ, ನನ್ನ ಮುಖ ನೋಡಿದ.

"ಆಯನೂರಿಂದ ಎಲ್ಲಾ ಸ್ಟಾಪಲ್ಲೂ ನಿಲ್ಸ್ತಾ ಇದೀರಲ ಮಾರಾಯ್ರೆ. ನಿಮಗೂ ಎರಡು ಟಿಕೆಟ್ ಹರಿಲಾ?"

ಮನೆ ಮುಟ್ಟುವಾಗ ಒಂಬತ್ತು ಗಂಟೆ. ನೀರು ತುಂಬುವ ಹಬ್ಬದ ದಿನ, ಬಚ್ಚಲ ಹಂಡೆಗೆ ಆಗಲೇ ಶೃಂಗಾರ ಆಗಿತ್ತು. ಅಂಗಳದ ಕತ್ತಲಲ್ಲಿ ನಾಯಿ ಬೊಗಳಿತು. ಅಪ್ಪಯ್ಯ ಹಳೇ ಮೂರು ಶೆಲ್ಲಿನ ಬ್ಯಾಟರಿ ಹಿಡಿದುಕೊಂಡು ಬಂದರು. ಅದರ ಬೆಳಕನ್ನು ಗಾಜಿನ ಮೇಲೆ ಬಿಟ್ಟರು, ಹಗ್ಗದ ಗಂಟುಗಳ ಮೇಲೆ ನಿಧಾನಕ್ಕೆ ಓಡಿಸಿದರು, ಆರಿಹೋದ ಹೆಡ್‌ಲೈಟಿನ ಮೇಲೆ ನಿಲ್ಲಿಸಿದರು.

"ಅದೆಂತದೋ ಹೊಸ ಲೈಟು ಹಾಕ್ಸಿದೀನಿ ಅಂತ ಫೋನಲ್ಲಿ ಹೇಳಿದ್ಯಲ," ಅಂದರು. "ಹಾಕು ಮಾರಾಯ, ನೋಡನ."