ವೆನಿಸ್ ನೋಡಲು ಬಂದವರು ಕಿಯೋಜಾವನ್ನೂ ನೋಡಬೇಕು

ಉಡುಪಿ ಜಿಲ್ಲೆಯ ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನಾನು ಉದ್ಯೋಗಕ್ಕಾಗಿ ಇಟಲಿಯ ಪಾದೊವಾ ನಗರಕ್ಕೆ ಬಂದು ಒಂಬತ್ತು ವರ್ಷಗಳಾದವು. ಇಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿಯಾದ್ದರಿಂದ, ಊರಿನಿಂದ ಯಾರೇ ಬಂದರೂ ಅವರನ್ನು ಅಲ್ಲಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿನದು. 2025ರ ಮೇ ತಿಂಗಳ ಒಂದು ಶನಿವಾರ ಅಪ್ಪ ಅಮ್ಮನೊಂದಿಗೆ ಸಾಂತಾ ಲುಚಿಯಾ ನಿಲ್ದಾಣದಲ್ಲಿ ಇಳಿದಾಗ, ಹೊರಗೆ ನಿಂತಿದ್ದ ಸಿಬ್ಬಂದಿ ಅವರಿಬ್ಬರ ಪ್ರವೇಶ ಶುಲ್ಕದ ಕ್ಯೂಆರ್ ಕೋಡ್ ಕೇಳಿದರು. ಒಂದು ದಿನದ ಮಟ್ಟಿಗೆ ಬರುವವರಿಂದ ಈ ಶುಲ್ಕ ಪಡೆಯುವುದನ್ನು ಅಲ್ಲಿನ ನಗರಾಡಳಿತವು 2024ರ ಏಪ್ರಿಲ್ 25ರಂದು ಆರಂಭಿಸಿತು. ಜನ ಹೆಚ್ಚು ಬರುವ ಕೆಲವು ದಿನಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಮೊದಲೇ ಕಾದಿರಿಸಿದವರಿಗೆ ಐದು ಯೂರೊ, ಕೊನೆಯ ದಿನಗಳಲ್ಲಿ ಕಾದಿರಿಸಿದವರಿಗೆ ಹತ್ತು ಯೂರೊ. ವೆನೆತೊ ಪ್ರಾಂತ್ಯದ ನಿವಾಸಿಯಾದ ನನಗೆ ವಿನಾಯಿತಿ ಇತ್ತು, ಅವರಿಗೆ ಇರಲಿಲ್ಲ.

"ಊರು ನೋಡಲು ಬಂದವರ ಹತ್ತಿರ ಬಾಗಿಲಲ್ಲೇ ದುಡ್ಡು ಕೇಳುತ್ತಾರಾ ಮಗಾ?" ಎಂದು ಅಪ್ಪ ಕೇಳಿದರು. ಬಾಯಾರಿ ಬಂದವರಿಗೆ ಬೆಲ್ಲ ನೀರು ಕೊಟ್ಟ ಮೇಲೆಯೇ ಊರು ಯಾವುದೆಂದು ವಿಚಾರಿಸುವ ಮನೆಯಿಂದ ಬಂದವರ ಪ್ರಶ್ನೆ ಅದು. ನಾನು ಬಾಯಲ್ಲಿ ಉತ್ತರ ಹೇಳಲಿಲ್ಲ. ರಿಯಾಲ್ಟೊ ಸೇತುವೆಯ ಸಮೀಪದ ಒಂದು ಔಷಧದಂಗಡಿಯ ಕಿಟಕಿಯ ಮುಂದೆ ಅವರನ್ನು ನಿಲ್ಲಿಸಿದೆ. ಹಳೆಯ ವೆನಿಸ್‌ನಲ್ಲಿ ಈಗ ಎಷ್ಟು ಜನ ವಾಸವಾಗಿದ್ದಾರೆ ಎಂಬುದನ್ನು ಅಲ್ಲಿ ಒಂದು ಸಣ್ಣ ವಿದ್ಯುತ್ ಫಲಕ ತೋರಿಸುತ್ತದೆ. 1951ರಲ್ಲಿ ಸುಮಾರು 1,75,000 ಇದ್ದ ಆ ಸಂಖ್ಯೆ ಈಗ 50,000ಕ್ಕಿಂತ ಕೆಳಗಿಳಿದಿದೆ. ಓಣಿಗಳಲ್ಲಿ ನಡೆಯುವಾಗ ಬಾಗಿಲ ಪಕ್ಕದಲ್ಲಿ ಅಂಕಿ ಒತ್ತಿ ತೆರೆಯುವ ಕೀಲಿಕೈ ಪೆಟ್ಟಿಗೆಗಳನ್ನು ಅಮ್ಮ ಎಣಿಸುತ್ತಾ ಬಂದರು. ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟ ಅಂಥ ಮನೆಗಳಲ್ಲಿ ಒಲೆ ಹೊತ್ತಿಸುವವರು ಎರಡು ದಿನಕ್ಕೊಮ್ಮೆ ಬದಲಾಗುತ್ತಾರೆ. ಮನೆಯೊಡೆಯರು ಬೇರೆಲ್ಲೋ ಇರುತ್ತಾರೆ.

ಈ ನಗರವನ್ನು ಉಳಿಸಿಕೊಳ್ಳಲು ಇಟಲಿಯವರು ಶ್ರಮಿಸಿಲ್ಲ ಎಂದು ಯಾರೂ ಹೇಳಲಾರರು. 1966ರ ನವೆಂಬರ್‌ನಲ್ಲಿ ನೀರು 194 ಸೆಂಟಿಮೀಟರ್ ಏರಿ ಊರನ್ನೇ ಮುಳುಗಿಸಿತ್ತು. ಅಂಥ ಉಬ್ಬರವನ್ನು ತಡೆಯಲೆಂದು ಅಳಿವೆಗಳಲ್ಲಿ ಕಟ್ಟಿದ 78 ಉಕ್ಕಿನ ಕದಗಳು 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿವೆ. 2021ರ ಆಗಸ್ಟ್‌ನಿಂದ ದೊಡ್ಡ ಪ್ರವಾಸಿ ಹಡಗುಗಳು ನಗರದ ಮುಖ್ಯ ಚೌಕವಾದ ಸ್ಯಾನ್ ಮಾರ್ಕೊ ಮುಂದೆ ಹಾದುಹೋಗುವಂತಿಲ್ಲ. ಇವೆಲ್ಲವನ್ನೂ ನಾನು ಗೌರವಿಸುತ್ತೇನೆ. ಆದರೆ ಪ್ರವೇಶ ಶುಲ್ಕದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಸಾವಿರಾರು ಮೈಲು ದೂರದಿಂದ ಬಂದವನು ಹತ್ತು ಯೂರೊಗೆ ಅಂಜಿ ಹಿಂದಿರುಗುವುದಿಲ್ಲ, ಆ ಹಣದಿಂದ ಒಂದು ಮನೆಯ ಬಾಡಿಗೆಯೂ ಇಳಿಯುವುದಿಲ್ಲ. ಇದಕ್ಕಿಂತ ಸಾರ್ಡೀನಿಯಾ ದ್ವೀಪದ ಲಾ ಪೆಲೋಸಾ ಕಡಲತೀರದವರು ಹಿಡಿದ ದಾರಿ ನನಗೆ ಸರಿಯೆನಿಸುತ್ತದೆ. ಅಲ್ಲಿ ಬೇಸಿಗೆಯಲ್ಲಿ ದಿನಕ್ಕೆ 1,500 ಜನರಿಗೆ ಮಾತ್ರ ಪ್ರವೇಶ. ಒದ್ದೆ ಟವೆಲ್‌ಗೆ ಅಂಟಿಕೊಂಡು ಮರಳು ಹೊರಹೋಗದಂತೆ ಅದರ ಕೆಳಗೆ ಚಾಪೆ ಹಾಸಲೇಬೇಕು. ತೀರವು ಎಷ್ಟನ್ನು ತಾಳಬಲ್ಲದು ಎಂಬುದನ್ನು ಮೊದಲು ಲೆಕ್ಕ ಹಾಕಿ, ಅಷ್ಟಕ್ಕೆ ಜನರನ್ನು ಮಿತಗೊಳಿಸಿದ್ದಾರೆ.

ಮಧ್ಯಾಹ್ನ ಬುರಾನೊ ದ್ವೀಪಕ್ಕೆ ಹೋದೆವು. ಹಳದಿ, ನೀಲಿ, ಕೆಂಪು ಬಳಿದ ಅಲ್ಲಿನ ಮನೆಗಳ ಬಣ್ಣ ಬದಲಿಸಲು ನಗರಾಡಳಿತದ ಅನುಮತಿ ಬೇಕು. ಸೂಜಿಯಿಂದಲೇ ಲೇಸ್ ಹೆಣೆಯುವ ಕಲೆಗೆ ಹೆಸರಾದ ಊರು ಅದು. ಅಲ್ಲಿನ ಲೇಸ್ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಅಜ್ಜಿ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದು ಎಲೆಯ ಅಂಚನ್ನು ಹೆಣೆಯುತ್ತಿದ್ದರು. ಅರ್ಧ ಗಂಟೆ ಕಳೆದರೂ ಆ ಎಲೆ ಉಗುರಿನಷ್ಟೂ ಬೆಳೆದಿರಲಿಲ್ಲ. ಅಮ್ಮ ಅವರ ಪಕ್ಕದಿಂದ ಏಳಲು ಒಪ್ಪಲಿಲ್ಲ.

ನಾನು ಹೇಳಬೇಕೆಂದಿರುವುದು ಮರುದಿನ ನೋಡಿದ ಕಿಯೋಜಾ ಕುರಿತು. ವೆನಿಸ್ ಹಿನ್ನೀರಿನ ದಕ್ಷಿಣ ತುದಿಯಲ್ಲಿರುವ ಈ ಪಟ್ಟಣದಲ್ಲೂ ಕಾಲುವೆಗಳಿವೆ, ಕಮಾನು ಸೇತುವೆಗಳಿವೆ, ಮಧ್ಯಯುಗದ ಗಡಿಯಾರ ಹೊತ್ತ ಗೋಪುರವಿದೆ. ಆದರೆ ಕಾಲುವೆಯಲ್ಲಿ ಕಟ್ಟಿರುವುದು ಮೀನುಗಾರರ ದೋಣಿಗಳನ್ನು. ಕೆಂಪು ಪರದೆಗಳ ಕೆಳಗಿನ ಮೀನುಪೇಟೆಯಲ್ಲಿ ಹೆಂಗಸರು ಮನೆಯ ಅಡುಗೆಗೆಂದು ಚೌಕಾಸಿ ಮಾಡುತ್ತಾರೆ. ಮಂಜುಗಡ್ಡೆಯ ಮೇಲೆ ಹರಡಿದ್ದ ಸಾರ್ಡೀನ್ ಕಂಡದ್ದೇ ಅಮ್ಮ "ಇದು ನಮ್ಮ ಬೂತಾಯಿಯ ತಂಗಿ" ಎಂದು ಕಿವಿರು ಎತ್ತಿ ನೋಡಿದರು. ಮಾರುವವನು ನಕ್ಕು, ಈರುಳ್ಳಿ, ವಿನೆಗರ್, ಒಣದ್ರಾಕ್ಷಿ ಹಾಕಿ ತಮ್ಮಲ್ಲಿ ಮಾಡುವ ಸಾರ್ಡೆ ಇನ್ ಸಾವೊರ್ ಬಗೆಯನ್ನು ವಿವರಿಸಿದ. ಹಡಗಿನಲ್ಲಿ ಹಲವು ದಿನ ಕೆಡದಿರಲೆಂದು ಹುಳಿ ಹಾಕುತ್ತಿದ್ದರಂತೆ. ಅಮ್ಮ ನಮ್ಮ ಹುಳಿಖಾರದ ಮೀನುಸಾರು ಪುಳಿಮುಂಚಿಯ ಬಗ್ಗೆ ಹೇಳಿದ್ದನ್ನು ನಾನು ಇಟಾಲಿಯನ್ ಭಾಷೆಯಲ್ಲಿ ಅವನಿಗೆ ತಿಳಿಸಿದೆ. ಬೇಸಿಗೆಯ ಕೊನೆಯಲ್ಲಿ ಮೀನು ಮರಿ ಮಾಡಿ ಬೆಳೆಯಲೆಂದು ತಮ್ಮ ದೋಣಿಗಳನ್ನು ಕೆಲವು ವಾರ ನಿಲ್ಲಿಸುತ್ತಾರೆ ಎಂದು ಆತ ಹೇಳಿದಾಗ, ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಎಂದು ಅಪ್ಪ ಹೆಮ್ಮೆಯಿಂದ ಬೆರಳೆಣಿಸಿ ತೋರಿಸಿದರು.

1420ರ ಸುಮಾರಿಗೆ ವಿಜಯನಗರವನ್ನು ಕಂಡು ಅದರ ಸುತ್ತಳತೆ ಅರವತ್ತು ಮೈಲು ಎಂದು ಹೇಳಿದ ನಿಕೊಲೊ ಕೊಂಟಿ ಇದೇ ಕಿಯೋಜಾದವನು. ಅವನ ಹುಟ್ಟೂರು ಇಂದಿಗೂ ದುಡಿಯುವ ಬಂದರಾಗಿಯೇ ಇರುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಬಸರೂರು ಹಳೆಯ ಬಂದರಿನ ನೆನಪಾಗಿ ಮಾತ್ರ ಉಳಿದಿದೆ. ಮಲ್ಪೆ ಹಾಗಾಗಬಾರದು. ಅದರೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಹುಟ್ಟಿದವು. ಅವು ಎಷ್ಟು ಹೆಜ್ಜೆಗಳನ್ನು ತಾಳಬಲ್ಲವೆಂದು ತಿಳಿದು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಮನೆಯವರೇ ಇದ್ದು ಊಟ ಬಡಿಸುವ ಹೋಮ್‌ಸ್ಟೇಯನ್ನೂ ಬೀಗದ ಪೆಟ್ಟಿಗೆ ತೂಗುಹಾಕಿದ ಖಾಲಿ ಮನೆಯನ್ನೂ ಒಂದೇ ಪರವಾನಗಿಯಡಿ ಕಾಣಬಾರದು. ಬಂದರಿನ ದಕ್ಕೆಯಲ್ಲಿ ಮೊದಲ ಹಕ್ಕು ಮೀನುಗಾರನದಾಗಿರಬೇಕು, ವಿಹಾರ ದೋಣಿ ಅವನ ನಂತರ ಬರಲಿ.

ಈಗ ಊರಿನಿಂದ ಬಂದವರನ್ನು ನಾನು ಬೆಳಗ್ಗೆ ಮೊದಲು ಕಿಯೋಜಾಕ್ಕೆ ಕರೆದೊಯ್ಯುತ್ತೇನೆ. ಮೀನುಪೇಟೆ ಸುತ್ತಿದ ಮೇಲೆ, ದೋಣಿ ಮತ್ತು ಬಸ್ಸಿನಲ್ಲಿ ಪೆಲೆಸ್ತ್ರಿನಾ ಹಾಗೂ ಲಿಡೊ ದ್ವೀಪಗಳ ಉದ್ದಕ್ಕೂ ಸಾಗಿ, ಮಧ್ಯಾಹ್ನ ನಾಲ್ಕು ಕಳೆದು ಶುಲ್ಕದ ಹೊತ್ತು ಮುಗಿದ ಬಳಿಕ ವೆನಿಸ್ ಸೇರುತ್ತೇವೆ. ಪೆಲೆಸ್ತ್ರಿನಾದಲ್ಲಿ ಬಸ್ಸು ನಿಂತಾಗ, ಮನೆಯ ಮುಂದೆ ಬಲೆ ಹರಡಿಕೊಂಡು ಕುಳಿತವರು ತಲೆಯೆತ್ತಿ ನಮ್ಮನ್ನು ಮಾತನಾಡಿಸುತ್ತಾರೆ.